ಕಂಬದ ಕೆಳಗೆ ನಿಂತವಳು

ಮಗಳು ಹೋದ ಮೇಲೆ ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಹೀಗೆಂದರೆ ಅತ್ತು ಅತ್ತು ಸೊರಗಿದ್ದೆ ಎಂದುಕೊಳ್ಳುತ್ತಾರೆ. ಹಾಗಿರಲಿಲ್ಲ. ಅಳು ಬೇಗ ಬತ್ತಿಹೋಯಿತು. ಆಮೇಲೆ ಉಳಿದದ್ದು ಕಾಲಿನ ಚಡಪಡಿಕೆ. ರೊಟ್ಟಿಯನ್ನು ಹೆಂಚಿಗೆ ಹಾಕಿ ಬಾಗಿಲಿಗೆ ಬರುತ್ತಿದ್ದೆ, ಬಾಗಿಲಿಂದ ಬೀದಿಗೆ, ಬೀದಿಯಿಂದ ಬಸ್ ಸ್ಟ್ಯಾಂಡಿಗೆ. ರೊಟ್ಟಿ ಸೀದು ಹೊಗೆ ಎದ್ದಾಗ ಪಕ್ಕದ ಮನೆಯವರು ಒಳಗೆ ಹೋಗಿ ಒಲೆ ಆರಿಸುತ್ತಿದ್ದರು.

ಎಪ್ಪತ್ತರ ದಶಕದ ನಡುವಿನ ಮಾತು. ನಾವಿದ್ದದ್ದು ಕಡೂರಿನಲ್ಲಿ. ನನ್ನ ಗಂಡ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ನನ್ನ ತವರು ದೇವನೂರಿನ ಕಡೆ. ಹಿರಿಯರು ನೋಡಿ ಒಪ್ಪಿ ಮಾಡಿದ ಮದುವೆ. ನನ್ನ ಗಂಡನದು ಮೊದಲೇ ಮಾತು ಕಮ್ಮಿ. ಬೆಳಿಗ್ಗೆ ಬುತ್ತಿ ಕಟ್ಟಿಸಿಕೊಂಡು ಸೈಕಲ್ ಹತ್ತಿದರೆ ಸಂಜೆಗೆ ಬರುವರು, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿಯ ಕೊನೆಯವರೆಗೆ ಹೋಗಿ ಬರುವರು. ನಮ್ಮಿಬ್ಬರ ನಡುವಿನ ಮಾತೆಲ್ಲ ಅವಳ ಮೂಲಕವೇ ನಡೆಯುತ್ತಿತ್ತು. ‘ನಿಮ್ಮಪ್ಪನ್ನ ಊಟಕ್ಕೆ ಕರಿ’ ಎಂದು ನಾನು, ‘ನಿಮ್ಮವ್ವನ್ನ ನೀರ್ ಕೇಳು’ ಎಂದು ಅವರು. ಅವಳಿಗೆ ಮೂರು ತುಂಬಿ ಸ್ವಲ್ಪ ದಿನವಾಗಿತ್ತು.

ಅವಳಿಗೆ ಬಂದದ್ದು ಗಂಟಲಮಾರಿ, ಡಾಕ್ಟರು ಡಿಫ್ತೀರಿಯಾ ಎನ್ನುವುದು. ಹಿಂದಿನ ದಿನ ಸ್ವಲ್ಪ ಜ್ವರವಿತ್ತು, ಕಷಾಯ ಕುಡಿಸಿದ್ದೆವು. ಬೆಳಿಗ್ಗೆ ಅವರು ಎಮ್ಮೆದೊಡ್ಡಿ ಕಡೆ ಲೈನು ಕೆಟ್ಟಿದೆಯೆಂದು ಹೋದ ಮೇಲೆ ಅವಳ ದನಿಯೇ ಕಟ್ಟಿಹೋಯಿತು, ಉಸಿರೆಳೆದರೆ ಸೀಟಿಯ ಸದ್ದು. ಡಾಕ್ಟರು ಬಾಯಿ ತೆರೆಸಿ ನೋಡಿದವರೇ ಈಗಿಂದೀಗಲೇ ಚಿಕ್ಕಮಗಳೂರಿಗೆ ಕರೆದುಕೊಂಡು ಹೋಗಿ ಎಂದರು. ಪಕ್ಕದ ಮನೆಯ ಯಜಮಾನರಿಗೆ ಕೊಬ್ಬರಿ ವ್ಯಾಪಾರ. ಅವರು ತಮ್ಮ ಮಂಡಿಯ ಆಳೊಬ್ಬನನ್ನು ನನ್ನ ಗಂಡನನ್ನು ಹುಡುಕಿ ಕರೆತರಲು ಸೈಕಲ್ಲಿನಲ್ಲಿ ಅಟ್ಟಿ, ತಾವು ನನ್ನ ಜೊತೆ ಬಸ್ಸು ಹತ್ತಿದರು. ಸಖರಾಯಪಟ್ಟಣ ಇನ್ನೂ ಸಿಕ್ಕಿರಲಿಲ್ಲ. ನನ್ನ ಮಡಿಲಲ್ಲೇ ಅವಳ ಉಸಿರು ನಿಂತಿತು.

ಕಂಡಕ್ಟರ್ ಬಸ್ಸು ನಿಲ್ಲಿಸಿದ. ಎದುರಿನಿಂದ ಬರುತ್ತಿದ್ದ ಲಾರಿಗೆ ಕೈ ಅಡ್ಡ ಹಿಡಿದು ನಮ್ಮನ್ನು ಹತ್ತಿಸಿದ. ಕಡೂರಿಗೆ ವಾಪಸು ಬಂದಾಗ ಹುಡುಕಲು ಹೋದ ಆಳು ಇನ್ನೂ ಬಂದಿರಲಿಲ್ಲ. ಎಮ್ಮೆದೊಡ್ಡಿಯ ಹುಲ್ಲುಗಾವಲಿನಲ್ಲಿ ಯಾವ ಕಂಬದ ಮೇಲೆ ಯಾರಿದ್ದಾರೆಂದು ಅವನಿಗಾದರೂ ಹೇಗೆ ಗೊತ್ತಾಗಬೇಕು. ಸಂಜೆ ನನ್ನ ಗಂಡ ಬಂದರು. ಸೊಂಟದಲ್ಲಿ ಕಂಬ ಹತ್ತುವ ಬೆಲ್ಟು ಹಾಗೇ ಇತ್ತು. ಮಠದ ಅಯ್ನೋರು ಬಂದರು, ಗಂಡನ ಊರಿನ ತೋಟದಲ್ಲಿ ಗುಣಿ ತೆಗೆದರು. ಹೇಳಿದ್ದನ್ನೆಲ್ಲ ನನ್ನ ಗಂಡ ಮಾಡಿದರು. ಮಾತು ಮಾತ್ರ ಆಡಲಿಲ್ಲ.

ಆಡಲೇ ಇಲ್ಲ. ಮಗಳ ಹೆಸರನ್ನು ಆಮೇಲೆ ಬಹಳ ಕಾಲ ಅವರ ಬಾಯಿಂದ ನಾನು ಕೇಳಲಿಲ್ಲ. ಕಾರ್ಯ ಮುಗಿದ ಮೂರನೇ ದಿನವೇ ಕೆಲಸಕ್ಕೆ ಹೊರಟರು. ಬಡಿಸಿದ್ದನ್ನು ಉಂಡರು. ಇವರಿಗೆ ಮರೆತೇಹೋಯಿತಲ್ಲ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವರು ಮನೆಯಲ್ಲಿದ್ದರೆ ಹೊರಗೆ ಹೋಗಬೇಕು ಅನ್ನಿಸುವುದು, ಅವರು ಹೊರಗೆ ಹೋದರೆ ಒಬ್ಬಳೇ ಒಳಗಿರಲಾರದೆ ನಾನೂ ಬಾಗಿಲೆಳೆದುಕೊಳ್ಳುವುದು. ರೈಲ್ವೆ ಸ್ಟೇಷನ್ನಿಗೆ ಹೋಗಿ ಬೀರೂರಿಗೆ ಟಿಕೆಟ್ ತೆಗೆದು, ಅಲ್ಲಿ ಪ್ಲಾಟ್‌ಫಾರಂನಲ್ಲಿ ಈ ತುದಿಯಿಂದ ಆ ತುದಿಗೆ ನಡೆದು, ಮುಂದಿನ ಗಾಡಿಗೆ ವಾಪಸು ಬರುತ್ತಿದ್ದೆ. ಜನ ಮಾತಾಡಿಕೊಂಡರು. ಅತ್ತೆ ಊರಿನಿಂದ ಬಂದು ಮಠದ ವಿಭೂತಿ ಹಚ್ಚಿ, ಬೇಗ ಇನ್ನೊಂದು ಮಗುವಾದರೆ ಸರಿಹೋಗುತ್ತಾಳೆ ಎಂದು ಹೇಳಿ ಹೋದರು.

ಒಂದು ಸಂಜೆ ಅವರು ಚಪ್ಪಲಿ ಬಿಡುತ್ತಾ, “ಅಜ್ಜಂಪುರಕ್ಕೆ ವರ್ಗ ಕೇಳಿದೀನಿ. ಈ ಮನೆ ಬ್ಯಾಡ” ಎಂದರು. ಹೂಂ ಎಂದೆ. ಅಷ್ಟೇ.

ಅಜ್ಜಂಪುರದಲ್ಲಿ ಹಂಚಿನ ಮನೆ, ಮುಂದೆ ಚಿಕ್ಕ ಜಗಲಿ. ಪಾತ್ರೆ ಜೋಡಿಸಿ, ಗೋಡೆಗೆ ಸುಣ್ಣ ಬಳಿಯುವವರೆಗೆ ಚೆನ್ನಾಗಿದ್ದೆ. ಕೆಲಸ ಮುಗಿದದ್ದೇ ಮತ್ತೆ ಕಾಲು ಶುರುವಾಯಿತು. ಕಡೂರಿನಲ್ಲಾದರೂ ಎಲ್ಲಿ ತಿರುಗಬೇಕೆಂದು ಗೊತ್ತಿತ್ತು. ಇಲ್ಲಿ ದಾರಿಗಳೂ ಹೊಸವು. ಹಾಗೆ ಒಂದು ಬೆಳಿಗ್ಗೆ ತರೀಕೆರೆ ರಸ್ತೆ ಹಿಡಿದು ಊರು ದಾಟಿ ಹೋಗಿದ್ದೆ. ಹಿಂದಿನಿಂದ ಸೈಕಲ್ ಬಂದು ನಿಂತಿತು. ನನ್ನ ಗಂಡ.

“ಎಲ್ಲಿಗೆ?” ಎಂದರು.

“ಗೊತ್ತಿಲ್ಲ.”

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಸ್ವಲ್ಪ ಹೊತ್ತು ನನ್ನ ಕಾಲನ್ನೇ ನೋಡಿದರು, ಚಪ್ಪಲಿ ಮೆಟ್ಟಿರಲಿಲ್ಲ. ಕ್ಯಾರಿಯರ್ ಮೇಲಿದ್ದ ತಂತಿಯ ಸುರುಳಿಯನ್ನು ಬಿಚ್ಚಿ ತಮ್ಮ ಹೆಗಲಿಗೆ ಹಾಕಿಕೊಂಡರು.

“ಹತ್ತು,” ಎಂದರು. “ಹೆಂಗೂ ತಿರುಗ್ತೀಯ. ನನ್ ಜತೇಲೇ ತಿರುಗು.”

ಅಂದಿನಿಂದ ನಾನು ಅವರ ಜೊತೆ ಹೋಗತೊಡಗಿದೆ. ಊರು ನಕ್ಕಿತು. ಲೈನ್‌ಮನ್ ಹೆಂಡತೀನ ಬುತ್ತಿ ಥರ ಕಟ್ಟಿಕೊಂಡು ಹೋಗುತ್ತಾನೆ ಎಂದರು. ಅವರ ಆಫೀಸಿನಲ್ಲೂ ಕೇಳಿದರಂತೆ. ಸಹಾಯಕನ ಜಾಗ ಖಾಲಿಯಿದೆಯಲ್ಲ, ಹಗ್ಗ ಹಿಡಿಯಲು ಒಬ್ಬರು ಬೇಕಲ್ಲ ಎಂದು ಇವರು ಉತ್ತರ ಕೊಟ್ಟರಂತೆ. ನಿಜಕ್ಕೂ ಹಗ್ಗ ಹಿಡಿಯುವುದನ್ನು ಕಲಿತೆ. ಅವರು ಮೇಲಿಂದ ಇಳಿಬಿಟ್ಟ ಹಗ್ಗಕ್ಕೆ, ತಂತಿ ಕೂರಿಸುವ ಪಿಂಗಾಣಿ ಬುಡ್ಡಿ ಕಟ್ಟುವುದು, ಅದು ಕಂಬಕ್ಕೆ ತಾಗದಂತೆ ಜಗ್ಗಿ ಹಿಡಿಯುವುದು. ಸೈಕಲ್ ಓಡುತ್ತಿದ್ದಷ್ಟು ಹೊತ್ತು ನನಗೆ ಹಾಯೆನಿಸುತ್ತಿತ್ತು. ನಿಂತರೆ ಮತ್ತೆ ಅದೇ. ಅವರು ಕಂಬದ ಮೇಲಿರುವಾಗ ನಾನು ಕೆಳಗೆ ಕಂಬವನ್ನೇ ಸುತ್ತುತ್ತಿದ್ದೆ.

ಅಜ್ಜಂಪುರದ ಆಚೆ ಅಮೃತಮಹಲ್ ದನ ಮೇಯುವ ಹುಲ್ಲುಗಾವಲು, ಕಾವಲು ಇದೆ. ಅಲ್ಲಿಯ ದನ ಮನೆಯ ದನದಂತಲ್ಲ. ಈಟಿಯಂಥ ಕೊಂಬು, ಹೊಸಬರನ್ನು ಕಂಡರೆ ಕಿವಿ ನಿಮಿರಿಸಿ ಗುಂಪುಗುಂಪಾಗಿ ಬರುತ್ತವೆ. ಒಂದು ದಿನ ಅಲ್ಲಿಗೆ ಹೋಗಿದ್ದೆವು. ಬೇಸಿಗೆ ಹತ್ತಿರವಾಗಿತ್ತು, ಹುಲ್ಲು ಒಣಗಿ ಹಳದಿಯಾಗಿತ್ತು. ಅವರು ಲೈನು ಆಫ್ ಮಾಡಿಸಿಕೊಂಡು ಬಂದು ಕಂಬ ಹತ್ತಿ ಸ್ವಲ್ಪ ಹೊತ್ತಾಗಿತ್ತು. ನನ್ನ ಬೆನ್ನ ಹಿಂದೆ ಉಸಿರಿನ ಸದ್ದು ಕೇಳಿಸಿತು. ತಿರುಗಿದರೆ ಹಿಂಡು. ಮೇಲಿಂದ ಅವರು, ಓಡಬೇಡ, ಮೆಲ್ಲಗೆ ಹೋಗಿ ಆ ಬಂಡೆ ಹತ್ತು ಎಂದರು. ಹತ್ತಿದೆ. ದನಗಳು ಬಂಡೆಗೂ ಕಂಬಕ್ಕೂ ನಡುವೆ ತುಂಬಿಕೊಂಡವು. ಒಂದು ದನ ಕಂಬಕ್ಕೆ ಕತ್ತು ಉಜ್ಜತೊಡಗಿತು. ಅವರು ಇಳಿಯುವಂತಿಲ್ಲ, ನಾನು ಇಳಿಯುವಂತಿಲ್ಲ. ದನ ಕಾಯುವವನ ಸುಳಿವಿಲ್ಲ.

ಬಂಡೆಯ ಮೇಲೆ ನಾಲ್ಕು ಹೆಜ್ಜೆಗೂ ಜಾಗವಿರಲಿಲ್ಲ. ಅಡ್ಡಾಡಲಾಗದೆ ಕುಕ್ಕರುಗಾಲಿನಲ್ಲಿ ಕೂತು ಬಂಡೆಯನ್ನು ಕಾಲಿನಿಂದ ಕೆರೆಯುತ್ತಿದ್ದೆ. ಅವರನ್ನು ನೋಡಿದೆ. ಅವರ ಕಣ್ಣು ದನಗಳ ಮೇಲಿರಲಿಲ್ಲ. ದೂರದ ರಸ್ತೆಯ ಮೇಲಿತ್ತು.

“ಏನ್ ನೋಡ್ತಿದೀರ?” ಎಂದು ಕೂಗಿದೆ.

ಅವರು ರಸ್ತೆಯ ಕಡೆಗೇ ಮುಖವಿಟ್ಟು ಹೇಳಿದರು.

“ಕಂಬ ಹತ್ತಿದ್ ಕೂಡ್ಲೇ ರಸ್ತೆ ನೋಡ್ತೀನಿ ಕಣೇ. ಯಾರಾರ ಸೈಕಲ್ನಾಗೆ ನನ್ನ ಹುಡುಕ್ಕಂಡು ಬತ್ತವ್ರಾ ಅಂತ. ಅವತ್ತು ನೋಡ್ಲಿಲ್ಲ. ಅವತ್ತಿಂದ ನೋಡ್ದೆ ಇರಕ್ಕಾಗಲ್ಲ.”

ನನ್ನ ಕಾಲು ಸುಮ್ಮನಾಯಿತು. ಮರೆತಿದ್ದಾರೆ ಎಂದುಕೊಂಡು ನಾನು ಹೊತ್ತು ತಿರುಗುತ್ತಿದ್ದ ಉರಿಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ನನಗೆ ಕಾಲಿನಲ್ಲಿದ್ದದ್ದು ಅವರಿಗೆ ಕಣ್ಣಿನಲ್ಲಿತ್ತು.

ಅಲ್ಲಿಂದಲೇ ಬಸ್ಸಿನ ಕಥೆ ಹೇಳಿದೆ. ಅದುವರೆಗೆ ಅವರು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. ದನಗಳ ತಲೆಯ ಮೇಲಿಂದ ಕೂಗಿ ಕೂಗಿ ಹೇಳಬೇಕಾಯಿತು: ಕಿಟಕಿಯ ಪಕ್ಕ ಕೂತದ್ದು, ಅವಳು ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದದ್ದು, ಮುಷ್ಟಿ ಬಿಟ್ಟದ್ದು. ಪಕ್ಕದ ಸೀಟಿನ ಮುದುಕಿ ತನ್ನ ಟವೆಲ್ಲು ಕೊಟ್ಟದ್ದು.

ಅವರು ಕೇಳಿದರು, “ನನ್ನ ಕೇಳಿದ್ಲಾ?”

ಹೌದು ಎಂದುಬಿಡಬಹುದಿತ್ತು. ಬಾಯಿಗೂ ಬಂದಿತ್ತು. “ಗಂಟ್ಲು ಕಟ್ಟಿತ್ತು. ಮಾತು ಬತ್ತಿರ್ಲಿಲ್ಲ,” ಎಂದೆ.

ಅವರು ತಲೆಯಾಡಿಸಿದರು. ತೋಳಿನಿಂದ ಕಣ್ಣೊರೆಸಿಕೊಂಡರು. “ಹಂಗಾರೆ, ಕೇಳ್ಲಿಲ್ಲ ಅಂತ್ಲೂ ಹೇಳಕ್ಕಾಗಲ್ಲ,” ಎಂದರು.

ಬಿಸಿಲು ಏರಿದ ಮೇಲೆ ದನ ಕಾಯುವವನು ಬಂದ. ಅವನು ಒಂದು ದನಿ ಹಾಕಿದ್ದಕ್ಕೆ ಹಿಂಡಿಗೆ ಹಿಂಡೇ ಸರಿಯಿತು. ನಮ್ಮಿಬ್ಬರ ಮುಖ ನೋಡಿ, ಹೆದರಿ ಅತ್ತಿದ್ದಾರೆ ಎಂದುಕೊಂಡು ಬಾಯ್ತುಂಬ ನಕ್ಕ. ಅವರು ಕಂಬದಿಂದ ಇಳಿದು ಬಂದು ಬಂಡೆಯ ಕೆಳಗೆ ಕೈ ಚಾಚಿ ನಿಂತರು. ಹಿಡಿದು ಇಳಿದೆ. ಇಳಿದ ಮೇಲೂ ಕೈ ಬಿಡಲಿಲ್ಲ, ನಾನೂ ಬಿಡಿಸಿಕೊಳ್ಳಲಿಲ್ಲ. ಅವರ ಗಲ್ಲದ ಕೆಳಗೆ ಒಂದು ಸಣ್ಣ ಸುಟ್ಟ ಗಾಯದ ಕಲೆಯಿತ್ತು. ಮದುವೆಯಾಗಿ ಅಷ್ಟು ವರ್ಷವಾದರೂ ಅದನ್ನು ನೋಡಿರಲಿಲ್ಲ. ಇದು ಯಾವಾಗಿನದು ಎಂದು ಕೇಳಿದೆ. ಚಿಕ್ಕಂದಿನದು, ಒಲೆಯ ಕೊಳ್ಳಿ ತಾಗಿದ್ದು ಎಂದರು. ಬುತ್ತಿ ಬಿಚ್ಚಿ ಉಣ್ಣುತ್ತಾ ಆ ಕಥೆಯನ್ನು ಪೂರ್ತಿ ಹೇಳಿದರು. ಅವರು ಅಷ್ಟುದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಂದಿನಿಂದ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಅಜ್ಜಂಪುರದಲ್ಲೇ ಇನ್ನೊಂದು ಮನೆ ಬದಲಾಯಿಸಿದೆವು. ಮೊದಲ ಮನೆಯ ಜಗಲಿಯಲ್ಲಿ ಅಕ್ಕಪಕ್ಕದ ಮಕ್ಕಳು ಆಡುವುದನ್ನು ತಡೆದುಕೊಳ್ಳಲು ನನಗೆ ಆಗಲಿಲ್ಲ. ಆದರೆ ಸೈಕಲ್ಲಿನ ಮೇಲೆ ಮಾತು ಶುರುವಾಗಿತ್ತು. ಅವರ ಬೆನ್ನಿಗೆ ನಾನು ಹೇಳುತ್ತಿದ್ದೆ, ಅವರು ರಸ್ತೆಗೆ ಹೇಳುತ್ತಿದ್ದರು. ಮೊದಮೊದಲು ಅವಳ ಮಾತು. ಆಮೇಲೆ ಬೇರೆ ಮಾತೂ ಬಂತು. ಎಂಬತ್ತರ ಹೊತ್ತಿಗೆ ತರೀಕೆರೆಗೆ ವರ್ಗವಾಯಿತು. ಅಲ್ಲಿ ಸಹಾಯಕರಿದ್ದರು, ನಾನು ಹೋಗುವಂತಿರಲಿಲ್ಲ. ಆಗಲೇ ನನಗೆ ತಿಳಿದದ್ದು: ಮಧ್ಯಾಹ್ನ ಕಳೆಯುತ್ತಿದ್ದಂತೆ ನಾನು ಬಾಗಿಲಿಗೆ ಬರುತ್ತಿದ್ದೆ, ಆದರೆ ಎಲ್ಲಿಗೋ ಹೋಗಲಿಕ್ಕಲ್ಲ. ಅವರು ಬರುವ ದಾರಿ ನೋಡಲಿಕ್ಕೆ. ಅವರು ಬಂದರೆ ಹೊಸ ಹೆಣ್ಣಿನಂತೆ ಒಳಗೆ ಓಡಿ ಕನ್ನಡಿ ನೋಡಿಕೊಳ್ಳುತ್ತಿದ್ದೆ. ಪಕ್ಕದ ಮನೆಯಾಕೆ, ನಿಮಗೇನು ಹೋದ ವರ್ಷ ಮದುವೆಯಾಯಿತಾ ಎಂದು ಛೇಡಿಸುತ್ತಿದ್ದರು.

ತರೀಕೆರೆಯಲ್ಲಿ ಇನ್ನೊಬ್ಬಳು ಮಗಳು ಹುಟ್ಟಿದಳು. ಬಸುರಿಯಾಗಿದ್ದಷ್ಟು ದಿನವೂ ಹಳೆಯ ಚಡಪಡಿಕೆಯೆಲ್ಲ ವಾಪಸು ಬಂದಿತ್ತು. ಈ ಸಲ ಅವರು ಸಂಜೆ ನನ್ನ ಜೊತೆಗೇ ನಡೆಯುತ್ತಿದ್ದರು, ನಾನು ಸಾಕು ಎನ್ನುವವರೆಗೆ.

ತೊಟ್ಟಿಲಿಗೆ ಹಾಕುವ ದಿನ ಅತ್ತೆ ಮಗುವನ್ನು ಮಡಿಲಲ್ಲಿಟ್ಟುಕೊಂಡು, ಅವಳೇ ತಿರುಗಿ ಬಂದಿದ್ದಾಳೆ, ಅದೇ ಹೆಸರು ಇಡಿ ಎಂದರು. ನೆಂಟರೆಲ್ಲ ಹೌದೆಂದರು. ನನ್ನ ಕಾಲು ಎದ್ದು ಹೊರಟೇಬಿಟ್ಟಿತ್ತು. ನನ್ನ ಗಂಡ ತಾಯಿಯ ಮಾತಿಗೆ ಎಂದೂ ಎದುರಾಡಿದವರಲ್ಲ. ತಾಯಿಯ ಪಕ್ಕ ಕೂತು, ಮೆಲ್ಲಗೆ ಹೇಳಿದರು.

“ಅವ್ವಾ, ಆ ಹೆಸ್ರು ಖಾಲಿಯಾಗಿಲ್ಲ. ಅದು ದೊಡ್ಡೋಳ್ದು. ಇವ್ಳಿಗೆ ಬ್ಯಾರೆ ಇಡಾಣ.”

ಹೇಳಿ, ಎಲ್ಲರ ಮುಂದೆ ಆ ಹೆಸರು ಹಿಡಿದು ಒಂದು ಸಲ ಕರೆದರು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ನನ್ನನ್ನು ಕರೆದು, ಹಾಗಾದರೆ ನೀನೇ ಒಂದು ಹೆಸರು ಹೇಳವ್ವ ಎಂದರು. ನಾನು ಬಂದು ಕೂತೆ. ಹೇಳಿದೆ.

ಮಗುವಿಗೆ ಚುಚ್ಚುಮದ್ದು ಹಾಕಿಸುವ ದಿನಗಳಲ್ಲಿ ಅವರು ರಜೆ ಹಾಕಿ, ಆಸ್ಪತ್ರೆಯ ಬಾಗಿಲು ತೆರೆಯುವ ಮೊದಲೇ ಹೋಗಿ ನಿಲ್ಲುತ್ತಿದ್ದರು. ಈಗ ಅವಳು ಸ್ಕೂಲಿಗೆ ಹೋಗುತ್ತಾಳೆ. ಅಕ್ಕ ಹೇಗಿದ್ದಳು ಎಂದು ಆಗಾಗ ಕೇಳುತ್ತಾಳೆ. ಇಬ್ಬರೂ ಒಟ್ಟಿಗೆ ಹೇಳಲು ಶುರುಮಾಡುತ್ತೇವೆ. ದೊಡ್ಡವಳ ಹಬ್ಬದ ಲಂಗ ಹಸಿರು ಎಂದು ನಾನು, ಅಲ್ಲ ನೀಲಿ ಎಂದು ಅವರು. ಇನ್ನೂ ತೀರ್ಮಾನವಾಗಿಲ್ಲ.