ರೈಟರು ಮಾರದೆ ಉಳಿಸಿಕೊಂಡ ಗೋಲ್‌ಕೀಪರ್

ನಮ್ಮ ಕಾಫಿ ತೋಟದಲ್ಲಿ ಹಾಜರಿ ಬರೆಯುವ ರೈಟರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮಿಷನ್ನಿಗೆ ಸಿಕ್ಕಿ ಹೋದದ್ದು ಮತ್ತೆ ಬರಲೇ ಇಲ್ಲ. ತುದಿ ಚಪ್ಪಟೆಯಾಗಿ, ಹಲಸಿನ ಬೀಜದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಬೆಳಿಗ್ಗೆ ಹಾಜರಿಗೆ ನಿಂತ ನಮ್ಮ ಮುಂದೆ ಆ ಬೆರಳೆತ್ತಿ, "ನೀನು ಮೇಲಿನ ಬ್ಲಾಕಿಗೆ, ನೀನು ನರ್ಸರಿಗೆ" ಎಂದು ಕೆಲಸ ಹಂಚುತ್ತಿದ್ದರು. "ಆಯ್ತು ರೈಟ್ರೇ" ಅಂದು ಹೋಗಬೇಕು, ಅಷ್ಟೇ. ಎದುರು ಮಾತಾಡಿದವರನ್ನು ನಾನು ಕಂಡಿಲ್ಲ.

ಮೊನ್ನೆಯಿಂದ ನನಗೆ ಸಂತೋಷ ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ. ಯಾಕೆಂದು ಹೇಳುತ್ತೇನೆ, ಮೊದಲು ರೈಟರ ಕಥೆ ಮುಗಿಯಲಿ.

ನನ್ನ ಮಂಡಿ ಸವೆದು ಇಳಿಜಾರಿನಲ್ಲಿ ಹಣ್ಣು ಕುಯ್ಯಲಾಗದೆ ಹೋದ ವರ್ಷ, ಹೊಸ ಮ್ಯಾನೇಜರು ನನ್ನನ್ನು ನಿಲ್ಲಿಸಿಬಿಡಿ ಎಂದಿದ್ದರಂತೆ. ಮಾರನೆಯ ದಿನ ಹಾಜರಿಯಲ್ಲಿ ಆ ಬೆರಳು ನನ್ನ ಕಡೆ ತಿರುಗಿತು. ರೈಟರು, "ನೀನು ಇವತ್ತಿಂದ ಕಣಕ್ಕೆ" ಎಂದರು. ಕಣದಲ್ಲಿ ಹರವಿದ ಕಾಫಿಯನ್ನು ಕಾಲಾಡಿಸಿ ತಿರುಗಿಸುವುದು, ಕೂತು ಕರಿಬೀಜ ಆರಿಸುವುದು. ಕಾಲು ಸೋತವರನ್ನೆಲ್ಲ ಅವರು ಹಾಗೆಯೇ ಕೆಳಗೆ ತಂದು ಕೂರಿಸುತ್ತಿದ್ದರು, ಮನೆಗೆ ಮಾತ್ರ ಕಳಿಸುತ್ತಿರಲಿಲ್ಲ. ನನ್ನ ಮೊಮ್ಮಗಳು ಕಾಲೇಜು ಕಂಡದ್ದು ಆ ಕಣದ ಕೂಲಿಯಲ್ಲಿ.

ರೈಟರಿಗೇ ಉಬ್ಬಸ ಹೆಚ್ಚಾದಾಗ ಮಾತ್ರ ಅವರನ್ನು ಕಣಕ್ಕೆ ಹಾಕುವವರು ಯಾರೂ ಇರಲಿಲ್ಲ. ತೋಟದವರು ಒಂದು ಶಾಲು ಹೊದಿಸಿ, ಹಾರ ಹಾಕಿ, ಜೀಪಿನಲ್ಲಿ ಮನೆಗೆ ಬಿಟ್ಟು ಹೋದರು. ಆಮೇಲೂ ಬೆಳಿಗ್ಗೆ ಹಾಜರಿ ಹೊತ್ತಿಗೆ ಸ್ವೆಟರ್ ತೊಟ್ಟು ರಸ್ತೆ ಬದಿಯಲ್ಲಿ ನಿಲ್ಲುತ್ತಿದ್ದರು. ಕೆಲಸಕ್ಕೆ ಹೋಗುವವರು ತಲೆ ತಗ್ಗಿಸಿ ದಾಟುತ್ತಿದ್ದರು.

ಅದೇ ವರ್ಷ ನನ್ನ ಮೊಮ್ಮಗಳ ಮಂಡಿ ಹೋಯಿತು. ಕಾಲೇಜಿನ ಫುಟ್ಬಾಲ್ ತಂಡದಲ್ಲಿ ಅವಳೇ ಮುಂದಾಳು. ಒಂದು ಮ್ಯಾಚಿನಲ್ಲಿ ಕಾಲು ತಿರುಚಿ ಬಿದ್ದವಳು ಸ್ಟ್ರೆಚರಿನಲ್ಲಿ ಬಂದಳು. ಆಪರೇಷನ್ ಆಯಿತು. ಡಾಕ್ಟರು ಇನ್ನು ಆಡುವ ಆಸೆ ಬಿಡು ಎಂದರು. ಬೂಟುಗಳನ್ನು ಗೋಣಿಚೀಲದಲ್ಲಿ ಕಟ್ಟಿ ಸೌದೆ ಅಟ್ಟಕ್ಕೆ ಎಸೆದಳು. ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಬಾಗಿಲು ದಾಟುತ್ತಿರಲಿಲ್ಲ. ಇಟ್ಟ ಅನ್ನ ಇಟ್ಟಲ್ಲೇ. ಬಾವಿ ಕಡೆ ಹೋಗುವಾಗಲೂ ನಾನು ಹಿಂದಕ್ಕೆ ತಿರುಗಿ ತಿರುಗಿ ನೋಡುತ್ತಿದ್ದೆ. ಏನು ಮಾಡಿಕೊಳ್ಳುತ್ತಾಳೋ ಎಂದು ಅಷ್ಟು ಭಯವಾಗಿತ್ತು.

ಅವಳ ಕೈಯಲ್ಲಿ ಫೋನ್ ಮಾತ್ರ. ಅದರಲ್ಲಿ ಒಂದು ಫುಟ್ಬಾಲ್ ಆಟ. ಚೆಂಡು ಒದೆಯುವುದಲ್ಲ, ತಂಡ ನಡೆಸುವುದು. ಯಾರನ್ನು ಕೊಳ್ಳಬೇಕು, ಯಾರನ್ನು ಇಳಿಸಬೇಕು, ಯಾರನ್ನು ಮಾರಬೇಕು, ಎಲ್ಲ ನಮ್ಮದೇ ತೀರ್ಮಾನ. ಒಂದು ಸಂಜೆ ನಮ್ಮ ಮನೆಗೆ ಕಾಫಿಗೆ ಬಂದ ರೈಟರು ಅವಳ ಫೋನಿನತ್ತ ಬಗ್ಗಿ ನೋಡಿದರು.

"ಯಾರವ್ವ ಈ ಮುದುಕ?"

"ಗೋಲ್‌ಕೀಪರ್. ನಾಳೆ ಮಾರ್ತೀನಿ."

"ಯಾಕೆ, ಕದ್ದನಾ?"

"ವಯಸ್ಸಾಯ್ತು ತಾತ. ನೋಡಿ, ಪಾಯಿಂಟೆಲ್ಲ ಇಳೀತಾ ಅದೆ. ಈಗ್ಲೇ ಮಾರ್ಬೇಕು, ಆಮೇಲೆ ಯಾರೂ ಮೂಸಲ್ಲ."

ರೈಟರು ತಮ್ಮ ಫೋನ್ ಮುಂದಿಟ್ಟು, "ನಂಗೂ ಒಂದು ತಂಡ ಹಾಕ್ಕೊಡು. ನೀನು ಬ್ಯಾಡ ಅನ್ನೋ ಅಂಥವರೇ ಇರ್ಲಿ" ಎಂದರು.

ಅವರ ಮೊದಲ ತಂಡದ ಗತಿ ಹೇಳಿದರೆ ನಗು ಬರುತ್ತದೆ. ಒಂದೊಂದು ಪಂದ್ಯಕ್ಕೂ ವಯಸ್ಸಾದವರನ್ನೆಲ್ಲ ಹೊರಗೆ ಕೂರಿಸಿ, ಇನ್ನೂ ಮೀಸೆ ಬಾರದವರನ್ನು ಇಳಿಸುತ್ತಿದ್ದರು. ಸೋಲು, ಮತ್ತೆ ಸೋಲು. ಕೊನೆಗೆ ಆಟದೊಳಗಿನ ಕ್ಲಬ್ಬಿನ ಧಣಿ ರೈಟರನ್ನೇ ಕೆಲಸದಿಂದ ತೆಗೆದ.

"ದೊಡ್ಡವ್ರನ್ನ ಯಾಕೆ ಇಳಿಸ್ಲಿಲ್ಲ ತಾತ?"

"ಭಾನ್ವಾರ ಅಲ್ವೇನವ್ವ! ವಾರವೆಲ್ಲ ಪ್ರಾಕ್ಟೀಸ್ ಮಾಡವ್ರೆ. ವಯಸ್ಸಾದವ್ರಿಗೆ ಸಂತೆ ದಿನದ ರಜೆ ಬ್ಯಾಡ್ವಾ?"

"ಮ್ಯಾಚ್ ಇರೋದೇ ಭಾನ್ವಾರ!"

"ಹಂಗಾರೆ ಇಲ್ಲೂ ನನ್ನನ್ನ ಮನೆಗೆ ಕಳ್ಸಿದ್ರಾ?"

ನನ್ನ ಮೊಮ್ಮಗಳು ನಕ್ಕಳು. ಎಷ್ಟೋ ತಿಂಗಳಾಗಿತ್ತು ಆ ನಗು ಕೇಳಿ. ನಾನು ಒಲೆಯ ಮುಂದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ, ಹಾಲು ಉಕ್ಕಿ ಹೋದರೂ ಏಳಲಿಲ್ಲ.

ಎರಡನೆಯ ತಂಡವನ್ನು ಅವರು ತೋಟದ ಹಾಗೆಯೇ ನಡೆಸಿದರು. ಓಡಲಾರದವನನ್ನು ಹಿಂದೆ ನಿಲ್ಲಿಸಿದರು. ದಮ್ಮು ಕಡಿಮೆಯಾದವನನ್ನು ಅರ್ಧ ಆಟ ಮುಗಿದ ಮೇಲೆ ಇಳಿಸಿದರು. ಆ ಮುದುಕ ಗೋಲ್‌ಕೀಪರನನ್ನೂ ಹುಡುಕಿ ತಂದು ಕ್ಯಾಪ್ಟನ್ ಮಾಡಿದರು. ಗೆದ್ದದ್ದು ಕಡಿಮೆ, ಆದರೆ ಯಾರನ್ನೂ ಮಾರಲಿಲ್ಲ. ಮೊಮ್ಮಗಳು ಹಂಗಿಸುತ್ತಿದ್ದಳು: "ಇದು ತಂಡ ಅಲ್ಲ ತಾತ, ಧರ್ಮಾಸ್ಪತ್ರೆ."

ಮಳೆಗಾಲದಲ್ಲಿ ಅವರು ಹಾಸಿಗೆ ಹಿಡಿದರು. ಮಂಚದ ಪಕ್ಕದಲ್ಲಿ ಆಕ್ಸಿಜನ್ ಮಿಷನ್ ಗೊರಗೊರ ಎನ್ನುತ್ತಿತ್ತು. ಇವಳು ಕೋಲೂರಿಕೊಂಡು ಅವರ ಮನೆಗೆ ಹೋಗತೊಡಗಿದಳು. ಬಾಗಿಲು ದಾಟದಿದ್ದವಳು ಆ ಮುದುಕರ ತಂಡಕ್ಕಾಗಿ ಕೆಸರು ತುಳಿದಳು. ನಾನೂ ಗಂಜಿ ಹಿಡಿದು ಹಿಂದೆ.

ಒಂದು ದಿನ ಫೋನಿನ ಆಟದಲ್ಲಿ ಸುದ್ದಿ ಬಂತು. ಗೋಲ್‌ಕೀಪರ್ ಆಟ ಬಿಡುತ್ತಾನಂತೆ.

"ನೋಡಿದ್ರಾ? ಸುಮ್ನೆ ಹೋಯ್ತಾನೆ ಈಗ. ಅವನ ಕಥೆ ಮುಗೀತು" ಎಂದಳು ಇವಳು. ತನ್ನದೇ ಕಥೆ ಹೇಳುತ್ತಿದ್ದಾಳೆಂದು ನನಗೆ ಗೊತ್ತಾಯಿತು. ರೈಟರಿಗೂ ಗೊತ್ತಾಗಿರಬೇಕು. ಉಗುರಿಲ್ಲದ ಬೆರಳಿನಿಂದ ಗೋಲ್‌ಕೀಪರನ ಹೆಸರು ಒತ್ತಿದರು. ಕೆಳಗೆ ಏನೋ ಬರಹ ಬಂತು.

"ಇದೇನವ್ವ, ಓದು."

ಇವಳು ನಿಧಾನಕ್ಕೆ ಓದಿ, "ತಂಡದಲ್ಲೇ ಕೋಚ್ ಆಗಿ ಇರ್ತೀಯಾ ಅಂತ ಕೇಳ್ಬಹುದಂತೆ ತಾತ. ನಾನು ಇದ ನೋಡೇ ಇರ್ಲಿಲ್ಲ. ಯಾರನ್ನೂ ಇಲ್ಲೀಗಂಟ ಇಟ್ಕಂಡೇ ಇಲ್ವಲ್ಲ" ಎಂದಳು.

"ಕೇಳು."

ಕೇಳಿದಳು. ಅವನ ಉತ್ತರ ಬರಲು ಆಟದಲ್ಲಿ ಒಂದು ಪಂದ್ಯ ಕಳೆಯಬೇಕಿತ್ತು. ಅಷ್ಟರಲ್ಲಿ ರೈಟರಿಗೆ ಉಸಿರು ಸಿಕ್ಕಿಕೊಂಡು, ಜೀಪಿನಲ್ಲಿ ಮಡಿಕೇರಿ ಆಸ್ಪತ್ರೆಗೆ ಒಯ್ದೆವು. ಎರಡು ದಿನ ಮಾತಿಲ್ಲ. ಕಣ್ಣು ಬಿಟ್ಟಾಗ ಇವಳ ಕಡೆ ಹೆಬ್ಬೆರಳು ಆಡಿಸಿದರು. ಅವಳಿಗೆ ತಿಳಿಯಿತು, ಮಂಚದ ಬಳಿ ಕೂತು ಪಂದ್ಯ ಮುಗಿಸಿದಳು.

"ಒಪ್ಪಿದ ತಾತ. ಇರ್ತಾನಂತೆ."

ರೈಟರು ಮೂಗಿನ ಮಾಸ್ಕನ್ನು ತಾವೇ ಸರಿಸಿದರು. ನರ್ಸ್ ಬೈದಳು, ಕೇಳಲಿಲ್ಲ. ಬೆರಳೆತ್ತಿ ನನ್ನ ಮೊಮ್ಮಗಳ ಎದೆಗೆ ನೇರ ಹಿಡಿದರು.

"ನೀನು ನಾಳೆಯಿಂದ ಶಾಲೆ ಮೈದಾನಕ್ಕೆ. ಹೆಣ್‌ಮಕ್ಳು ಸುಮ್ನೆ ಚೆಂಡಿನ ಹಿಂದೆ ಓಡ್ತಾ ಅವೆ, ಹೇಳೋರಿಲ್ಲ. ನೀನು ಓಡ್ಬ್ಯಾಡ. ನಿಂತ್ಕಂಡು ಹೇಳು."

ಹಾಜರಿಯ ಅದೇ ದನಿ. ಇವಳು ಯಾವತ್ತೂ ಹಾಜರಿಗೆ ನಿಂತವಳಲ್ಲ, ಅವರನ್ನು ತಾತ ಎಂದೇ ಕರೆದವಳು. ಕಣ್ಣೊರೆಸಿಕೊಂಡು ಎದ್ದು ನಿಂತಳು.

"ಆಯ್ತು ರೈಟ್ರೇ."

ಅವರು ಮಾರನೆಯ ಮಧ್ಯಾಹ್ನ ಹೋದರು. ಮಣ್ಣು ಮಾಡುವಾಗ ಮಳೆ, ಗುಂಡಿಯಲ್ಲಿ ನೀರು ನಿಂತಿತ್ತು. ತೋಟದ ಕಡೆಯಿಂದ ಒಂದು ಹಾರ ಬಂತು, ಅಷ್ಟೇ. ಕಣದಲ್ಲಿ ಕೂತು ದುಡಿದು ತಿಂದ ನಾವು ಮಾತ್ರ, ಮಂಡಿ ನೋವಿನ ಹೆಂಗಸರೆಲ್ಲ, ಸ್ಮಶಾನದ ಏರು ಹತ್ತಿ ಹೋಗಿದ್ದೆವು.

ಮೊಮ್ಮಗಳು ತಿಥಿ ಮುಗಿಯಲೆಂದು ಕೂಡ ಕಾಯದೆ ಮೈದಾನಕ್ಕೆ ಹೋದಳು. ಅಟ್ಟದಿಂದ ಬೂಟಿನ ಚೀಲ ತಾನೇ ಇಳಿಸಿದಳು. ಒಂದು ವರ್ಷ ಸಂಬಳವಿಲ್ಲದೆ ಹೇಳಿಕೊಟ್ಟಳು. ಮೊನ್ನೆ ಶಾಲೆಯವರು ಕರೆದು, ಇನ್ನು ನೀನೇ ನಮ್ಮ ಹುಡುಗಿಯರ ಕೋಚ್ ಎಂದರು. ಅಯ್ಯೋ, ನನ್ನ ಸಂತೋಷ ಏನು ಹೇಳಲಿ! ಪಾಯಸ ಮಾಡಿ ತೋಟದ ಕೂಲಿಯವರ ಲೈನ್ ಮನೆಗಳಿಗೆಲ್ಲ ಹಂಚಿದೆ. ಉಳಿದದ್ದು ಹಿಡಿದು ಕಾಲೆಳೆಯುತ್ತ ಮೈದಾನಕ್ಕೂ ಹೋದೆ.

ಉಬ್ಬಸದ ಒಂದು ಹುಡುಗಿ ಓಡಲಾರದೆ ಬೇಲಿಯ ಬಳಿ ಅಳುತ್ತ ನಿಂತಿದ್ದಳು. ಮೊಮ್ಮಗಳು ಅವಳತ್ತ ಹೆಬ್ಬೆರಳೆತ್ತಿ, "ನೀನು ಇವತ್ತಿಂದ ಗೋಲಿಗೆ" ಎಂದಳು. ನಾನು ಪಾಯಸದ ಪಾತ್ರೆ ಕೆಳಗಿಟ್ಟು, ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟೆ.