ಎರೆನೆಲದ ಮೇಲಿನ ಗೋಡೆ

ಕಾಯಿಸಿದರೆ ವಸ್ತು ಹಿಗ್ಗುತ್ತದೆ, ಆರಿದರೆ ಕುಗ್ಗುತ್ತದೆ ಎಂದು ನರೇಗಲ್ಲಿನ ಶಾಲೆಯಲ್ಲಿ ಪ್ರತಿ ವರ್ಷ ಪಾಠ ಮಾಡುತ್ತೇನೆ. ನಮ್ಮ ಕಪ್ಪು ಎರೆಮಣ್ಣು ಮಾತ್ರ ಈ ಪಾಠ ಕೇಳಿಸಿಕೊಂಡಂತಿಲ್ಲ. ಬಿಸಿಲು ಏರಿದಂತೆ ಕುಗ್ಗಿ ಬಾಯಿ ಬಿಡುತ್ತದೆ, ಮಳೆ ಬಿದ್ದರೆ ಉಬ್ಬಿ ಕೂಡಿಕೊಳ್ಳುತ್ತದೆ. ಅದು ಶಾಖದ ಆಟವಲ್ಲ, ಒಳಗಿನ ನೀರಿನದು ಎಂದು ಹುಡುಗರಿಗೆ ಬಿಡಿಸಿ ಹೇಳುತ್ತೇನೆ. ಹೇಳುವಾಗ ನನ್ನ ಮನೆಯ ಗೋಡೆ ನೆನಪಾಗಿ ಮಾತು ತಡವರಿಸುತ್ತದೆ.

ನಾನು ಒಂಟಿ ಆಳು, ಇದ್ದದ್ದು ಬಾಡಿಗೆ ಮನೆಯಲ್ಲಿ. ಒಂದೇ ಮನೆಗೆ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಆಚೆ ಕೂಲಿಗೆ ಹೋಗುವ ಕುಟುಂಬ: ಒಬ್ಬ ಮುದುಕಿ, ಮಗ, ಸೊಸೆ, ಸಣ್ಣ ಮೊಮ್ಮಕ್ಕಳು. ಅವರ ಬಾಗಿಲು ಹಿಂದಿನ ಓಣಿಗೆ, ನನ್ನದು ಮುಂದಿನ ಓಣಿಗೆ. ಮೊದಲ ಬೇಸಿಗೆಯಲ್ಲಿ ನೆಲ ಕುಗ್ಗಿ, ನಡುಗೋಡೆ ಬಿರಿದು, ಬೆರಳು ಹೋಗುವಷ್ಟು ಸಂದಿಯಾಯಿತು. ಒಂದು ಸಂಜೆ ಆ ಸಂದಿಯಿಂದ ಮುದುಕಿಯ ದನಿ ಬಂತು.

“ಮಾಸ್ತರ, ಊಟ ಆತೇನ್ರಿ?”

ಅವ್ವ ತೀರಿಹೋದ ಮೇಲೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. “ಆತ್ರಿ ಯವ್ವಾ” ಎಂದೆ. ಆಮೇಲೆ ದಿನಾ ಕೇಳತೊಡಗಿದಳು. ನಾನೂ ಚಾಪೆ ಎಳೆದುಕೊಂಡು ಸಂದಿಯ ಹತ್ತಿರವೇ ಉಣ್ಣತೊಡಗಿದೆ. ಹೊರಗೆ ಎದುರಾದರೆ ಮಾತ್ರ ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಸರಿದುಬಿಡುತ್ತಿದ್ದಳು. ಮಾಸ್ತರಿಗೆ ಕೊಡುವ ಮರ್ಯಾದೆ ಅದು. ಆ ಮರ್ಯಾದೆ ಕಟ್ಟಿಕೊಂಡು ನನಗೇನು ಆಗಬೇಕಿತ್ತು?

ಮುಂಗಾರು ಬಿತ್ತು, ನೆಲ ಉಬ್ಬಿತು, ಗೋಡೆ ಮುಚ್ಚಿಕೊಂಡಿತು. ಊರಿಗೆ ಊರೇ ಮಳೆಯ ಖುಷಿಯಲ್ಲಿದ್ದರೆ ನಾನೊಬ್ಬ ಮುಖ ಗಂಟು ಹಾಕಿಕೊಂಡು ಕುಳಿತಿದ್ದೆ.

“ನೆಲ ಒಣಗಗೊಡಬ್ಯಾಡ್ರಿ ಮಾಸ್ತರ. ಬಚ್ಚಲ ನೀರು ಮನಿ ಬುಡಕ್ಕ ಹಾಕ್ರಿ, ಗ್ವಾಡಿ ಬಿರಿಯೂದಿಲ್ಲ” ಎಂದು ಮನೆಯ ಮಾಲೀಕ ಹೇಳಿಹೋದ. ನಾನು ಆ ನೀರನ್ನು ಕೊಡದಲ್ಲಿ ಹೊತ್ತು ದೂರದ ಬೇವಿನ ಗಿಡಕ್ಕೆ ಸುರಿದು ಬರುತ್ತಿದ್ದೆ. ಗೋಡೆ ಯಾವಾಗ ಬಿರಿದೀತೆಂದು ಕಾಯುವ ಬಾಡಿಗೆದಾರ ಜಿಲ್ಲೆಯಲ್ಲೇ ಇನ್ನೊಬ್ಬ ಇರಲಿಕ್ಕಿಲ್ಲ.

ಶಿವರಾತ್ರಿ ದಾಟಿದ ಮೇಲೆ ಗೋಡೆಯಲ್ಲಿ ಸಣ್ಣ ಗೆರೆ ಕಂಡಿತು. ದಿನ ಕಳೆದಂತೆ ಅಗಲವಾಯಿತು. ಆಚೆಯ ಬೆಳಕು ಕಂಡ ಸಂಜೆ ಲಗುಬಗೆಯಿಂದ ಅಡುಗೆ ಮಾಡಿಕೊಂಡು, ಬಡಿಸಿಕೊಂಡು, ಅಲ್ಲೇ ಕುಳಿತೆ. ಈ ಸಲ ನಾನೇ ಮೊದಲು ಮಾತಾಡಿಸಬೇಕು ಎಂದುಕೊಂಡೆ. ಅಷ್ಟರಲ್ಲಿ ಆಚೆ ಅವಳು ಮಗನಿಗೆ ಹೇಳುವುದು ಕೇಳಿಸಿತು.

“ಆ ಸಂದ್ಯಾಗಿಂದ ಚೇಳು ಬರತಾವ. ಕೂಸುಗೋಳು ಅಲ್ಲೇ ಮಲಗತಾವ. ಅರಿಬಿ ಗಟ್ಟ್ಯಾಗಿ ತುರುಕಪಾ.”

ಹಳೆಯ ಸೀರೆಯ ತುಂಡೊಂದು ಸಂದಿ ತುಂಬುತ್ತ ಬಂದು ನನ್ನ ಕಡೆಗೂ ತುಸು ಇಣುಕಿತು. ಬೆಳಕು ಹೋಯಿತು. ಅವಳದೇನೂ ತಪ್ಪಿಲ್ಲ, ಸಣ್ಣ ಮಕ್ಕಳಿರುವ ಮನೆ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ತಾಟಿನಲ್ಲಿ ಅನ್ನ ಆರುತ್ತಿತ್ತು, ಕೈ ಮುಂದೆ ಹೋಗಲಿಲ್ಲ.

ಯಾರೂ ಏನೂ ಕೇಳಿರಲಿಲ್ಲ. ಆದರೂ “ಇನ್ನೂ ಇಲ್ರಿ ಯವ್ವಾ” ಎಂದೆ, ಆ ಅರಿಬಿಯಾಚೆ ಕೇಳಿಸದಷ್ಟು ಮೆಲ್ಲಗೆ.