ಎಡಕ್ಕೆ ಉಳಿದ ಪಾನಾ

ಮಿಸ್ತ್ರಿಯವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿನ ಜಾಗದಲ್ಲಿ ಹುಣಸೆಬೀಜದಂಥ ಕಪ್ಪು ಗಂಟು. ಕಸುಬು ಕಲಿಯುವ ಕಾಲದಲ್ಲಿ ಕಾರು ಚಾಲೂ ಮಾಡಲು ಅದರ ಮೂತಿಗೆ ಹ್ಯಾಂಡಲ್ ಹಾಕಿ ತಿರುವಿದಾಗ ಎಂಜಿನ್ ಹಿಂದಕ್ಕೆ ಒದ್ದದ್ದಂತೆ. ನಾನು ಮೊದಲ ಸಲ ಅವರ ಗ್ಯಾರೇಜಿಗೆ ಹೋದಾಗ ನಮಸ್ಕಾರಕ್ಕೂ ಮುಂಚೆ ಆ ಹೆಬ್ಬೆರಳನ್ನೇ ನನ್ನ ಮೂಗಿನೆದುರು ಹಿಡಿದರು.

"ಡಾಕ್ಟರ್ ಸಾಹೇಬ್ರ, ಹ್ಯಾಂಡಲ್ ಹಿಡಿಯೂಮುಂದ ಹೆಬ್ಬಟ್ಟು ಉಳಿದ ನಾಕು ಬಟ್ಟಿನ ಬಾಜೂಕ ಇರ್ಲಿ. ಒಳಗ ಸುತ್ತಿದ್ರ ಹಿಂಗಾಕ್ಕೈತಿ. ನೀವು ಸೂಜಿ ಮಾಡೂ ಮಂದಿ, ನಿಮಗ ಬಟ್ಟು ಬೇಕಾಗ್ತಾವ."

ಅರವತ್ತರ ದಶಕದ ಮೊದಲ ವರ್ಷಗಳವು. ದಾಂಡೇಲಿಯಲ್ಲಿ ನಾನು ಹೊಸದಾಗಿ ದವಾಖಾನೆ ತೆರೆದಿದ್ದೆ. ಕಾಗದ ಗಿರಣಿಯ ಕೆಲಸಗಾರರೇ ನನ್ನ ರೋಗಿಗಳು. ಊರು ಬಿಟ್ಟು ಹೊರಟಿದ್ದ ಅಧಿಕಾರಿಯೊಬ್ಬರಿಂದ ಹಳೆಯ ಪುಟ್ಟ ಕಾರೊಂದನ್ನು ಕೊಂಡು, ಅದನ್ನು ನಡೆಸುವುದಕ್ಕಿಂತ ನೂಕುವುದನ್ನೇ ಹೆಚ್ಚು ಕಲಿತಿದ್ದೆ. ಹಳಿಯಾಳ ರಸ್ತೆಯ ತಗಡಿನ ಗ್ಯಾರೇಜಿನವರನ್ನು ಊರೆಲ್ಲ ಮಿಸ್ತ್ರಿ ಎನ್ನುತ್ತಿತ್ತು. ನಾನೂ ಹಾಗೇ ಕರೆದೆ.

ಕಾರಿನ ಜೊತೆ ಒಂದು ಇಂಗ್ಲಿಷ್ ಪುಸ್ತಕ ಬಂದಿತ್ತು. ಮಿಸ್ತ್ರಿಯವರಿಗೆ ಓದು ಬರುತ್ತಿರಲಿಲ್ಲ. ನನ್ನನ್ನು ಡಬ್ಬದ ಮೇಲೆ ಕೂರಿಸಿ ಓದಿಸಿದರು. ಪ್ಲಗ್ಗಿನ ತುದಿಗೆ ಎಷ್ಟು ಸಂದು ಬಿಡಬೇಕು, ವಾಲ್ವಿಗೆ ಎಷ್ಟು, ಎಣ್ಣೆ ಎಷ್ಟು ಹಿಡಿಯುತ್ತದೆ, ಎಲ್ಲವನ್ನೂ ಕಣ್ಣು ಮುಚ್ಚಿ ಕೇಳಿದರು. ಮತ್ತೆಂದೂ ಅದನ್ನು ಓದಿಸಲಿಲ್ಲ, ಒಮ್ಮೆಗೇ ನೆನಪಿನಲ್ಲಿ ಕೂತಿತ್ತು. ಮೂರು ಸಾವಿರ ಮೈಲಿಗೊಮ್ಮೆ ಎಣ್ಣೆ ಬದಲಿಸಿ ಎಂದು ಓದಿದಾಗ ಮಾತ್ರ ಕೈ ಅಡ್ಡ ಹಿಡಿದರು.

"ಅದು ವಿಲಾಯತಿ ಹಾದಿಗೆ ಬರದದ್ದು. ನಮ್ಮ ಧೂಳಿಗೆ ಅದರ ಅರ್ಧಾ. ನಾಕ ಸಿಲಿಂಡರಿನ ಸಣ್ಣ ಎಂಜಿನ್ ರೀ ಇದು, ಗರೀಬ ಐತಿ. ಎಣ್ಣಿ, ನೀರು, ಗಾಳಿ ಸ್ವಚ್ಛ ಕೊಡ್ರಿ, ಹಾದಿಯಾಗ ನಿಮ್ಮ ಕೈ ಬಿಡೂದಿಲ್ಲ."

ನಿಜಕ್ಕೂ ಬಿಡಲಿಲ್ಲ. ಮಳೆಗಾಲದಲ್ಲಿ ಜೋಯಿಡಾ ಕಡೆಯ ಏರುಗಳನ್ನೂ ಆ ಕಾರು ಗೊಣಗದೆ ಹತ್ತಿತು.

ಅವರದು ಒಂದೇ ಪದ್ಧತಿ. ನೆಲದ ಮೇಲೆ ಗೋಣಿತಾಟು ಹಾಸುವರು. ನಟ್ಟು ಬಿಚ್ಚಿದ ಪಾನಾ, ಎಂದರೆ ಸ್ಪ್ಯಾನರು, ತಾಟಿನ ಎಡಕ್ಕೆ. ಅದೇ ನಟ್ಟನ್ನು ಕೊನೆಯ ಸಲ ಬಿಗಿದ ಮೇಲೆ ಬಲಕ್ಕೆ. ಎಡಗಡೆ ಖಾಲಿಯಾಗುವತನಕ ಕಾರು ಹೊರಗೆ ಬಿಡುತ್ತಿರಲಿಲ್ಲ. ಆಮೇಲೆ ಸೀಮೆಎಣ್ಣೆ, ಕಟ್ಟಿಗೆ ಹೊಟ್ಟು ಹಚ್ಚಿ ಕೈ ತೊಳೆದು ಚಹಾಕ್ಕೆ ಹೊರಡುವರು, ಅದೂ ನಡೆದುಕೊಂಡೇ. ಗಿರಾಕಿಯ ಗಾಡಿಯ ಮೇಲೆ ತಮ್ಮ ಸ್ವಂತ ಕೆಲಸಕ್ಕೆ ಕೂರುವುದು ಅವರ ಲೆಕ್ಕದಲ್ಲಿ ಹರಾಮು.

ಒಂದು ಮಧ್ಯಾಹ್ನ ಎಣ್ಣೆ ಬದಲಿಸಲೆಂದು ಕಾರು ಬಿಟ್ಟಿದ್ದೆ. ಅಷ್ಟರಲ್ಲಿ ಗಿರಣಿಯ ಕೆಲಸಗಾರನೊಬ್ಬ ಓಡಿ ಬಂದ. ಹೆಂಡತಿಗೆ ಹೆರಿಗೆ ನೋವು. ಹೋಗಿ ನೋಡಿದರೆ ಕೂಸು ಅಡ್ಡ ತಿರುಗಿದೆ. ಧಾರವಾಡ ಮುಟ್ಟಿಸಿ ಆಪರೇಷನ್ ಮಾಡಿಸದಿದ್ದರೆ ತಾಯಿಯೂ ಇಲ್ಲ, ಕೂಸೂ ಇಲ್ಲ. ಗ್ಯಾರೇಜಿಗೆ ಓಡಿದೆ. ಮಿಸ್ತ್ರಿ ಕಾರಿನಡಿ ಮಲಗಿ, ಹಳೆಯ ಎಣ್ಣೆ ಇಳಿಸಿ, ತಳದ ಬೂಚನ್ನು ಬೆರಳಿನಿಂದ ತಿರುವಿ ಕೂರಿಸುತ್ತಿದ್ದರು.

"ಏಳ್ರಿ ಮಿಸ್ತ್ರಿ, ಎರಡು ಜೀವ ಅದಾವ!"

"ಎರಡ ಮಿನಿಟ್ ರೀ ಸಾಹೇಬ್ರ."

"ಒಂದೂ ಇಲ್ಲ, ಏಳ್ರಿ!"

ನಾನು ಹುಟ್ಟಾ ಗಡಿಬಿಡಿಯ ಮನುಷ್ಯ. ಅವರ ಕಾಲು ಹಿಡಿದು ಎಳೆದೇಬಿಟ್ಟೆ. ಎದ್ದವರೇ ಹೊಸ ಎಣ್ಣೆ ಸುರಿದರು, ಬಾನೆಟ್ ಹಾಕಿದರು. ನಾನು ಆ ಮನೆಗೆ ಹೋಗಿ ಅವರನ್ನು ಹತ್ತಿಸಿಕೊಂಡು ಹೊರಟೆ. ಹಿಂದಿನ ಸೀಟಿನಲ್ಲಿ ಆ ಹೆಣ್ಣುಮಗಳು ನರಳುತ್ತಿದ್ದಳು, ಪಕ್ಕದಲ್ಲಿ ಅವಳ ಗಂಡ.

ಹಳಿಯಾಳ ಇನ್ನೂ ಮುಂದಿತ್ತು, ಎರಡೂ ಕಡೆ ಕಾಡು. ಹಿಂದೆ ಒಂದು ಫಟ್‌ಫಟಿ ಬಿಡದೆ ಹಾರ್ನ್ ಹೊಡೆಯುತ್ತ ಬಂತು. ನೋಡಿದರೆ ಮಿಸ್ತ್ರಿ! ಎದೆಗೆ ಹಗ್ಗದಿಂದ ಎಣ್ಣೆಯ ಡಬ್ಬ ಕಟ್ಟಿಕೊಂಡಿದ್ದರು. ನಾನು ಹೊರಟ ಮೇಲೆ ತಾಟು ನೋಡಿದ್ದಾರೆ. ಎಡಕ್ಕೆ ಒಂದು ಪಾನಾ ಉಳಿದಿದೆ. ಬೂಚು ಬಿಗಿದಿಲ್ಲ! ರಿಪೇರಿಗೆ ಬಂದಿದ್ದ ಯಾರದೋ ಗಾಡಿ ಹತ್ತಿ ಹೊರಟುಬಿಟ್ಟಿದ್ದಾರೆ.

ಮಾತಿಲ್ಲದೆ ಕಾರಿನಡಿ ತೂರಿದರು. ಬೂಚು ಕೊನೆಯ ಎರಡು ಸುತ್ತಿನ ಮೇಲೆ ನಿಂತಿತ್ತಂತೆ. ಹಾದಿಯುದ್ದಕ್ಕೂ ಎಣ್ಣೆ ತೊಟ್ಟಿಕ್ಕಿತ್ತು. ಬೂಚು ಬಿದ್ದಿದ್ದರೆ ಎಣ್ಣೆಯೆಲ್ಲ ಸೋರಿ, ಎಂಜಿನ್ ಕಚ್ಚಿಕೊಂಡು ಆ ಕಾಡಿನಲ್ಲಿ ನಿಲ್ಲುತ್ತಿದ್ದೆವು, ಸಂಜೆಯ ಬಸ್ಸಿನವರೆಗೆ. ಬಿಗಿದು, ಎಣ್ಣೆ ತುಂಬಿ, ಎದ್ದು ಆ ಗಂಡನ ಮುಂದೆ ಕೈ ಮುಗಿದರು. "ತಪ್ಪು ನಂದು, ತಮ್ಮಾ. ಬಿಗಿಯೂದು ಮರ್ತಿದ್ದೆ."

ಕಾಲು ಹಿಡಿದು ಎಳೆದವನು ನಾನು, ಅದನ್ನು ಹೇಳದೆ ಕಾರು ಮುಂದಕ್ಕೆ ಬಿಟ್ಟೆ. ಧಾರವಾಡದಲ್ಲಿ ತಾಯಿ ಉಳಿದಳು, ಕೂಸೂ ಉಳಿಯಿತು.

ಮರುದಿನ ಚಹಾದಂಗಡಿಯಲ್ಲಿ ಮಿಸ್ತ್ರಿ ತಾವೇ ಈ ಸುದ್ದಿ ಹೇಳಿದರು, ಯಾರೂ ಕೇಳದೆ. ಕಟ್ಟಿಗೆ ವ್ಯಾಪಾರಿಯೊಬ್ಬರು ಅಲ್ಲೇ, "ಹಿಂಗ ಮರತ್ರ ಹೆಂಗ ಮಿಸ್ತ್ರಿ? ನನ್ನ ಗಾಡಿ ಇನ್ನ ಬ್ಯಾರೆ ಕಡೆ ತೋರಸ್ತೇನಿ" ಎಂದರು. ಅವರು ಮಿಸ್ತ್ರಿಯವರ ದೊಡ್ಡ ಗಿರಾಕಿ. ನಾನು ಎದುರು ಬೆಂಚಿನಲ್ಲೇ ಇದ್ದೆ. ಮಿಸ್ತ್ರಿ ಎರಡು ನಿಮಿಷ ಕೇಳಿದ್ದರು, ನಾನೇ ಕೊಡಲಿಲ್ಲ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಹೊಸ ಡಾಕ್ಟರಿಗೆ ತಾಳ್ಮೆ ಇಲ್ಲ ಎಂದಾರು ಎಂದು ಹೆದರಿ, ಚಹಾ ಕುಡಿದು ಎದ್ದು ಬಂದೆ.

ಮೂರು ನಾಲ್ಕು ವರ್ಷಗಳ ಮೇಲೆ ಮಿಸ್ತ್ರಿ ಎದೆ ಉರಿ ಎಂದು ದವಾಖಾನೆಗೆ ಬಂದರು. ಅಂದು ಜನ ತುಂಬಿದ್ದರು. ಪಿತ್ತ ಎಂದು ಪುಡಿ ಕಟ್ಟಿಕೊಟ್ಟು ಕಳಿಸಿದೆ. ಮೂರನೆಯ ದಿನ, ಮಿಸ್ತ್ರಿ ಕಾರೊಂದನ್ನು ನೂಕುತ್ತಿದ್ದಾಗ ಎದೆ ಹಿಡಿದು ರಸ್ತೆಯಲ್ಲೇ ನಿಂತದ್ದನ್ನು ಕಂಡೆ. ಕಂಡೊಡನೆ ತಿಳಿಯಿತು, ಅದು ಹೃದಯದ ನೋವು. ಇನ್ನೆರಡು ಪ್ರಶ್ನೆ ಕೇಳಿದ್ದರೆ ಅಂದೇ ತಿಳಿಯುತ್ತಿತ್ತು. ರೋಗ ಈಗ ಹೆಚ್ಚಾಗಿದೆ ಎಂದುಬಿಟ್ಟಿದ್ದರೆ ಅವರು ನಂಬುತ್ತಿದ್ದರು. ಹಾಗೆ ಸುಳ್ಳು ಹೇಳಲು ಮನಸ್ಸು ಒಪ್ಪಲಿಲ್ಲ. ಕೈಹಿಡಿದು ಅವರ ಮನೆಗೆ ಕರೆದುಕೊಂಡು ಹೋಗಿ, ಚಾಪೆಯ ಮೇಲೆ ಕೂರಿಸಿ ಹೇಳಿದೆ.

"ಮಿಸ್ತ್ರಿ, ನಂದು ತಪ್ಪಾತು. ಇದು ಪಿತ್ತ ಅಲ್ಲ, ಹಾರ್ಟಿಂದು. ಅವತ್ತ ನಾ ಸರಿಯಾಗಿ ನೋಡಲಿಲ್ಲ." ಬಾಯಿ ಬಿಟ್ಟದ್ದಾಗಿತ್ತು, ಹಳೆಯದೂ ಬಂತು. "ಆ ಬೂಚಿಂದೂ ನಂದ ತಪ್ಪು. ಕಾಲು ಹಿಡಿದು ಎಳೆದಾಂವ ನಾನು."

ಮಿಸ್ತ್ರಿ ಕೈ ಅಡ್ಡ ಹಿಡಿದರು. "ಅದು ನನಗ ಗೊತ್ತೈತಲ್ರೀ. ಕೈ ನನ್ನದಿತ್ತು, ಅದು ನಂದ ಇರ್ಲಿ, ಅದರಾಗ ಪಾಲು ಕೇಳಬ್ಯಾಡ್ರಿ. ಇದು ನಿಮ್ದು. ಹೇಳಿದ್ರಿ, ಆತು. ಈಗ ಏನ್ ಮಾಡೂಣು, ಅದನ್ನ ಹೇಳ್ರಿ."

ಅಂದೇ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಕರೆದೊಯ್ದೆ. ಹಿಂದಿನ ಸೀಟಿನಲ್ಲಿ ಮಲಗಿದ್ದವರು ಏರು ಬಂದಾಗಲೆಲ್ಲ, "ಗೇರ್ ಇಳಿಸ್ರಿ ಸಾಹೇಬ್ರ, ಎಂಜಿನ್ ದಣೀತೈತಿ" ಎನ್ನುತ್ತಿದ್ದರು. ಇನ್ನೂ ಎರಡು ವರ್ಷ ಬದುಕಿದರು.

ಆಮೇಲೆ ನನ್ನ ಕೈಯಿಂದ ತಪ್ಪಾದಾಗಲೆಲ್ಲ ರೋಗಿಯ ಮನೆಗೆ ನಾನೇ ಹೋಗಿ ಹೇಳಿದ್ದೇನೆ. ಕೆಲವರು ಬೈದರು, ಕೆಲವರು ಮತ್ತೆ ಬರಲಿಲ್ಲ. ಆದರೆ ಬೇಗ ಹೇಳಿದ್ದರಿಂದ ಹಲವರು ಉಳಿದರು. ಆ ಜೀವಗಳೆಲ್ಲ ಮಿಸ್ತ್ರಿಯವರು ಉಳಿಸಿದವು ಎಂದೇ ನಾನು ತಿಳಿದಿದ್ದೇನೆ.

ಅವರನ್ನು ಮಣ್ಣು ಮಾಡಿ ಬರುವಾಗ ಆ ಕಟ್ಟಿಗೆ ವ್ಯಾಪಾರಿ ಜೊತೆಯಾದರು. "ಭಾಳ ಚಲೋ ಮನುಷ್ಯಾ. ಅದೊಂದ ಸಲ ಮರ್ತ ನೋಡ್ರಿ" ಎಂದರು. ನಾನು ರಸ್ತೆಯಲ್ಲೇ ನಿಂತು ನಡೆದದ್ದನ್ನೆಲ್ಲ ಹೇಳಿದೆ. ಅವರು ಮಣ್ಣು ಮಾಡಿದ ಕಡೆಗೆ ತಿರುಗಿ ಕೈ ಮುಗಿದರು. ಮಿಸ್ತ್ರಿ ಇದ್ದಿದ್ದರೆ, ನನ್ನ ತಪ್ಪಿನಲ್ಲಿ ಪಾಲು ಕೇಳಬೇಡಿ ಅಂದಿರಲಿಲ್ಲವೇ ಎಂದು ನನ್ನನ್ನು ಬೈಯುತ್ತಿದ್ದರು. ಬೈಯಲು ಅವರಿರಲಿಲ್ಲ.